ಸೇವಾದಳದ ಸೇನಾನಿ ಡಾ. ಹರ್ಡೀಕರ

ಊರ ಜಾತ್ರೆಯ ದಿನ ತೇರು ಸಾಗುವಾಗ ಸಾವಿರಾರು ಜನ ಒಂದೆಡೆ ನೆರೆಯುತ್ತಾರೆ. ಅಷ್ಟು ದೊಡ್ಡ ಸಂದಣಿಯಲ್ಲಿಯೂ ಗಾಲಿಯ ಬಳಿಗೆ ಯಾರೂ ನುಗ್ಗದಂತೆ ತಡೆಯುವವರು ಕೆಲವರು. ಬಿಸಿಲಿನಲ್ಲಿ ಬಳಲಿದವರಿಗೆ ತಂಬಿಗೆಯಲ್ಲಿ ನೀರು ತಂದುಕೊಡುವವರು ಕೆಲವರು. ಗುಂಪಿನಲ್ಲಿ ತಪ್ಪಿಸಿಕೊಂಡ ಮಗುವನ್ನು ಹುಡುಕಿ ತಾಯಿಯ ಮಡಿಲಿಗೆ ಸೇರಿಸುವವರು ಇನ್ನು ಕೆಲವರು. ಅವರು ಕೂಲಿಗಾಗಿ ಬಂದವರಲ್ಲ. ಅವರ ಹೆಸರು ಯಾವ ಕರಪತ್ರದಲ್ಲಿಯೂ ಅಚ್ಚಾಗುವುದಿಲ್ಲ. ಜಾತ್ರೆ ಮುಗಿದ ಮೇಲೆ ಬಯಲನ್ನು ಗುಡಿಸಿ, ಕೈಕಾಲು ತೊಳೆದುಕೊಂಡು ಅವರು ಮನೆಗೆ ಹೋಗುತ್ತಾರೆ. ಅವರನ್ನು ನಾವು ಸ್ವಯಂಸೇವಕರೆಂದು ಕರೆಯುತ್ತೇವೆ.

ಇಂತಹ ಸೇವೆಯನ್ನು ಒಂದು ದಿನದ ಉತ್ಸಾಹಕ್ಕೆ ಬಿಡದೆ, ತಿಂಗಳು ತಿಂಗಳೂ ತಪ್ಪದೆ ನಡೆಸುವ ಸಂಸ್ಥೆಗಳು ಲೋಕದಲ್ಲಿ ಹಲವು ಇವೆ. ಅಮೆರಿಕದ ಷಿಕಾಗೋ ನಗರದಲ್ಲಿ 1905ರಲ್ಲಿ ರೋಟರಿ ಸಂಸ್ಥೆಯೂ 1917ರಲ್ಲಿ ಲಯನ್ಸ್ ಸಂಸ್ಥೆಯೂ ಹುಟ್ಟಿದವು. ಅದೇ 1905ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ನೇತ್ರ ಚಿಕಿತ್ಸಾ ಶಿಬಿರ, ರಕ್ತದಾನ, ಸಸಿ ನೆಡುವುದು, ಬಡ ವಿದ್ಯಾರ್ಥಿಗಳಿಗೆ ಪುಸ್ತಕ ಹಂಚುವುದು ಮೊದಲಾದ ಕಾರ್ಯಗಳನ್ನು ಸೇವಾಸಂಸ್ಥೆಗಳು ಕೈಗೊಳ್ಳುವುದನ್ನು ಕುಷ್ಟಗಿ, ಗಂಗಾವತಿ, ಯಲಬುರ್ಗಾ, ತಾವರಗೇರಾದಂತಹ ಊರುಗಳವರೂ ಇಂದು ಬಲ್ಲರು. ಆದರೆ ಇಂತಹ ಸೇವೆಗೆ ಶಿಸ್ತಿನ ಕಟ್ಟು ಬೇಕೆಂದು ಮೊದಲೇ ಕಂಡುಕೊಂಡು, ಇಡೀ ಭಾರತಕ್ಕೆ ಒಂದು ಸ್ವಯಂಸೇವಕ ಪಡೆಯನ್ನು ಕಟ್ಟಿಕೊಟ್ಟ ಮಹನೀಯರೊಬ್ಬರು ನಮ್ಮ ನಾಡಿನವರೇ ಆಗಿದ್ದರೆಂಬುದನ್ನು ಎಲ್ಲರೂ ಅರಿಯರು. ಅವರೇ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು.

ಹರ್ಡೀಕರರು 1889ರ ಮೇ 7ರಂದು ವಿಜಾಪುರ ಜಿಲ್ಲೆಯ ತಿಡಗುಂದಿ ಎಂಬ ಹಳ್ಳಿಯಲ್ಲಿ ಜನಿಸಿದರು. ಮಳೆ ಕಡಿಮೆ, ಜೋಳವೇ ಜೀವಾಳವಾದ ಸೀಮೆ ಅದು. ಅವರು ಬೆಳೆಯುತ್ತಿದ್ದ ಕಾಲದಲ್ಲಿ ಮುಂಬಯಿ ಪ್ರಾಂತದ ತರುಣರ ಮನಸ್ಸನ್ನು ಲೋಕಮಾನ್ಯ ಬಾಲಗಂಗಾಧರ ತಿಲಕರು ಸೆರೆಹಿಡಿದಿದ್ದರು. ಸ್ವದೇಶಿ ವ್ರತ, ರಾಷ್ಟ್ರೀಯ ಶಿಕ್ಷಣ ಎಂಬ ಮಾತುಗಳು ಮನೆಮನೆಯನ್ನೂ ಮುಟ್ಟುತ್ತಿದ್ದವು. ಆ ಗಾಳಿಯನ್ನೇ ಉಸಿರಾಡಿದ ಬಾಲಕ ಹರ್ಡೀಕರರ ಎದೆಯಲ್ಲಿ ದೇಶಭಕ್ತಿಯ ಬೀಜ ಆಗಲೇ ಬಿದ್ದಿತು. ಮುಂದೆ ಅವರು ಕಲ್ಕತ್ತೆಗೆ ಹೋಗಿ ವೈದ್ಯವಿದ್ಯೆಯನ್ನು ಅಭ್ಯಾಸಮಾಡಿದರು. ವಂಗಭಂಗ ಚಳವಳಿಯ ಕಾವು ಇನ್ನೂ ಆರದಿದ್ದ ಆ ಮಹಾನಗರವು ಅವರಿಗೆ ವೈದ್ಯಶಾಸ್ತ್ರದ ಜೊತೆಗೆ ರಾಷ್ಟ್ರಭಾವನೆಯ ಪಾಠವನ್ನೂ ಕಲಿಸಿತು.

ಕಲ್ಕತ್ತೆಯ ವಿದ್ಯಾಭ್ಯಾಸ ಮುಗಿದ ಮೇಲೆ ಅವರು ಕಡಲು ದಾಟಿ ಅಮೆರಿಕಕ್ಕೆ ತೆರಳಿದರು. ಅಲ್ಲಿಯ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರವನ್ನು ಓದಿ ಪದವಿ ಪಡೆದರು. ಅವರು ಆರಿಸಿಕೊಂಡ ಈ ವಿಷಯವು ಗಮನಿಸತಕ್ಕದ್ದು. ವೈದ್ಯನು ರೋಗಿಯೊಬ್ಬನಿಗೆ ಔಷಧ ಕೊಟ್ಟರೆ ಒಬ್ಬನು ಗುಣಹೊಂದುತ್ತಾನೆ. ಊರ ಬಾವಿಯ ನೀರನ್ನು ಶುದ್ಧವಾಗಿಟ್ಟು, ಚರಂಡಿಯನ್ನು ಸರಿಪಡಿಸಿ, ಜನರಿಗೆ ನೈರ್ಮಲ್ಯದ ಅಭ್ಯಾಸವನ್ನು ಕಲಿಸಿದರೆ ಊರಿಗೆ ಊರೇ ರೋಗದಿಂದ ಪಾರಾಗುತ್ತದೆ. ಆದರೆ ಆ ಕೆಲಸವನ್ನು ಒಬ್ಬ ವೈದ್ಯನು ಒಂಟಿಯಾಗಿ ಮಾಡಲಾರ. ಅದಕ್ಕೆ ಅನೇಕ ಕೈಗಳು ಬೇಕು. ಹರ್ಡೀಕರರ ಮುಂದಿನ ಬಾಳಿನ ಮೂಲಸೂತ್ರವು ಈ ಶಾಸ್ತ್ರದಲ್ಲಿಯೇ ಅಡಗಿತ್ತೆನ್ನಬಹುದು.

ಅಮೆರಿಕದಲ್ಲಿ ಅವರಿಗೆ ಪಂಜಾಬಿನ ಕೇಸರಿಯೆಂದು ಹೆಸರಾದ ಲಾಲಾ ಲಜಪತರಾಯರ ಸಹವಾಸ ದೊರೆಯಿತು. ಸ್ವದೇಶದಿಂದ ದೂರವಿದ್ದ ಲಾಲಾಜಿಯವರು 1917ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅಮೆರಿಕದ ಇಂಡಿಯಾ ಹೋಂ ರೂಲ್ ಲೀಗ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದಾಗ ಹರ್ಡೀಕರರು ಅವರ ಬಲಗೈಯಾಗಿ ನಿಂತರು. ಸಂಘದ ಕಾರ್ಯದರ್ಶಿಯಾಗಿ ಪತ್ರವ್ಯವಹಾರ ನೋಡಿಕೊಳ್ಳುವುದು, ಸದಸ್ಯರನ್ನು ಕೂಡಿಸುವುದು, ಊರಿಂದೂರಿಗೆ ಸಂಚರಿಸಿ ಭಾರತದ ಸ್ಥಿತಿಗತಿಗಳನ್ನು ಅಮೆರಿಕದ ಜನರಿಗೆ ವಿವರಿಸುವುದು, ಇವೆಲ್ಲ ಅವರ ಪಾಲಿಗೆ ಬಂದವು. ಒಂದು ಸಂಸ್ಥೆಯು ವೇದಿಕೆಯ ಭಾಷಣಗಳಿಂದಲೇ ಬಾಳದು, ಲೆಕ್ಕಪತ್ರ, ಸಮಯಪಾಲನೆ, ಹಂಚಿಕೊಂಡು ದುಡಿಯುವ ಬಗೆ ಇವುಗಳಿಂದ ಬಾಳುತ್ತದೆ ಎಂಬ ಅರಿವು ಅವರಿಗೆ ಅಲ್ಲಿ ಅನುಭವದಿಂದ ದೊರೆಯಿತು.

1921ರಲ್ಲಿ ಹರ್ಡೀಕರರು ತಾಯ್ನಾಡಿಗೆ ಮರಳಿದರು. ತಿಲಕರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮಹಾತ್ಮಾ ಗಾಂಧಿಯವರ ನೇತೃತ್ವದಲ್ಲಿ ಅಸಹಕಾರ ಚಳವಳಿಯು ದೇಶವನ್ನೆಲ್ಲ ವ್ಯಾಪಿಸಿತ್ತು. ವಿದೇಶದಲ್ಲಿ ಓದಿಬಂದ ವೈದ್ಯರಿಗೆ ಆ ಕಾಲದಲ್ಲಿ ಹಣಕ್ಕೂ ಮನ್ನಣೆಗೂ ಕೊರತೆಯಿರಲಿಲ್ಲ. ದೊಡ್ಡ ನಗರದಲ್ಲಿ ಔಷಧಾಲಯ ತೆರೆದು ಸುಖವಾಗಿರುವ ದಾರಿ ಅವರ ಮುಂದೆ ತೆರೆದೇ ಇತ್ತು. ಅವರು ಆ ದಾರಿ ಹಿಡಿಯದೆ ಹುಬ್ಬಳ್ಳಿಯನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡು, ಅಲ್ಲಿಯ ತರುಣರನ್ನು ಕೂಡಿಸಿ ಹುಬ್ಬಳ್ಳಿ ಸೇವಾ ಮಂಡಲವನ್ನು ಕಟ್ಟಿದರು. ಹೆಣ್ಣುಮಕ್ಕಳ ರಾಷ್ಟ್ರೀಯ ಶಿಕ್ಷಣಕ್ಕೆಂದು ಅಲ್ಲಿಯೇ ತಿಲಕ ಕನ್ಯಾಶಾಲೆಯನ್ನು ಆರಂಭಿಸಿದರು.

ಈ ಚಿಕ್ಕ ಮಂಡಲದ ಸತ್ವಪರೀಕ್ಷೆಯು 1923ರಲ್ಲಿ ನಾಗಪುರದಲ್ಲಿ ನಡೆಯಿತು. ಅಲ್ಲಿಯ ಬ್ರಿಟಿಷ್ ಅಧಿಕಾರಿಗಳು ರಾಷ್ಟ್ರಧ್ವಜವನ್ನು ಹಿಡಿದು ಮೆರವಣಿಗೆಯಲ್ಲಿ ಹೋಗುವುದನ್ನು ನಿಷೇಧಿಸಿದಾಗ ಧ್ವಜ ಸತ್ಯಾಗ್ರಹವು ಆರಂಭವಾಯಿತು. ಜಮನಾಲಾಲ ಬಜಾಜರು ಅದರ ಮುಂದಾಳಾಗಿದ್ದರು; ಅವರು ಸೆರೆಯಾದ ಮೇಲೆ ವಲ್ಲಭಭಾಯಿ ಪಟೇಲರು ಅದನ್ನು ಮುನ್ನಡೆಸಿದರು. ದೇಶದ ಮೂಲೆಮೂಲೆಗಳಿಂದ ಸ್ವಯಂಸೇವಕರು ತಂಡತಂಡವಾಗಿ ಬಂದು ಬಂಧನಕ್ಕೊಳಗಾದರು. ಸೆರೆಮನೆ ಸೇರಿದವರ ಸಂಖ್ಯೆ ಸಾವಿರವನ್ನು ಮೀರಿತು. ಹರ್ಡೀಕರರ ನೇತೃತ್ವದ ಹುಬ್ಬಳ್ಳಿ ಸೇವಾ ಮಂಡಲದ ತರುಣರೂ ಅವರಲ್ಲಿದ್ದರು.

ಸೆರೆಮನೆಯ ಬಾಗಿಲವರೆಗೆ ಹೋಗುವುದು ಸುಲಭ. ಹಾರ ಹಾಕುವವರಿರುತ್ತಾರೆ, ಜಯಘೋಷ ಮಾಡುವವರಿರುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಅವರಾರೂ ಇರುವುದಿಲ್ಲ. ಕಠಿಣ ದುಡಿಮೆ, ಹೊಟ್ಟೆ ತುಂಬದ ಊಟ, ಮೇಲಿಂದ ಮೇಲೆ ಬೈಗುಳ, ಇವುಗಳ ನಡುವೆ ಒಂದು ಕಾಗದವನ್ನು ಮುಂದಿಟ್ಟು, ತಪ್ಪಾಯಿತೆಂದು ಬರೆದುಕೊಟ್ಟರೆ ಇಂದೇ ಬಿಡುಗಡೆ ಎಂದು ಅಧಿಕಾರಿಗಳು ಆಸೆ ತೋರಿಸಿದರು. ಉತ್ಸಾಹದ ಭರದಲ್ಲಿ ಬಂದಿದ್ದ ಎಷ್ಟೋ ಮಂದಿ ಮನಸ್ಸು ಕುಗ್ಗಿ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡದವರು ಮಾತ್ರ ಆ ಕಾಗದಕ್ಕೆ ಕೈಯೊಡ್ಡಲಿಲ್ಲ. ಅವರೂ ಇತರರಂತೆಯೇ ಬಡವರ, ಮಧ್ಯಮ ವರ್ಗದವರ ಮಕ್ಕಳು. ಅವರ ಮನೆಗಳಲ್ಲಿಯೂ ದಾರಿ ನೋಡುವ ತಾಯಂದಿರಿದ್ದರು. ಅವರಿಗೂ ಇತರರಿಗೂ ಇದ್ದ ಭೇದವೆಂದರೆ ತರಬೇತಿಯೊಂದೇ. ದಿನವೂ ಒಟ್ಟಾಗಿ ದುಡಿದು, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಅಭ್ಯಾಸ ಬೆಳೆಸಿಕೊಂಡವರು ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಆಸರೆಯಾದರು.

ಈ ಸಂಗತಿಯು ರಾಷ್ಟ್ರನಾಯಕರ ಕಣ್ಣು ತೆರೆಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಂಧ್ರದ ಕಾಕಿನಾಡದಲ್ಲಿ ಮೌಲಾನಾ ಮಹಮ್ಮದ್ ಅಲಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಧಿವೇಶನವು ಜರುಗಿದಾಗ, ಅಖಿಲ ಭಾರತ ಮಟ್ಟದ ಸ್ವಯಂಸೇವಕ ದಳವೊಂದನ್ನು ಕಟ್ಟುವ ವಿಚಾರವನ್ನು ಹರ್ಡೀಕರರು ಮುಂದಿಟ್ಟರು. ಎಲ್ಲರೂ ಅದನ್ನು ತಲೆದೂಗಿ ಒಪ್ಪಲಿಲ್ಲ. ಕವಾಯತು, ಸಮವಸ್ತ್ರ, ನಾಯಕನ ಆಜ್ಞೆ ಎಂಬ ಮಾತುಗಳು ಸೈನ್ಯವನ್ನು ನೆನಪಿಗೆ ತರುತ್ತವೆ. ಅಹಿಂಸೆಯನ್ನೇ ವ್ರತವಾಗಿ ಹಿಡಿದ ಚಳವಳಿಗೆ ಇದು ಒಗ್ಗೀತೇ ಎಂದು ಕೆಲವರು ಶಂಕಿಸಿದರು. ಇಂತಹ ಪಡೆ ಬೆಳೆದರೆ ಪ್ರಾಂತಗಳ ಕಾಂಗ್ರೆಸ್ ಸಮಿತಿಗಳ ಮಾತು ನಡೆಯದೆ ಹೋದೀತೆಂದು ಇನ್ನು ಕೆಲವರು ಅಂಜಿದರು.

ಶಂಕೆಯು ಅಕಾರಣವಾದುದೆಂದು ಹೇಳುವಂತಿಲ್ಲ. ಶಿಸ್ತು ಎರಡಲಗಿನ ಕತ್ತಿ; ವಿವೇಕವಿಲ್ಲದ ಶಿಸ್ತು ಮನುಷ್ಯನನ್ನು ಯಂತ್ರವನ್ನಾಗಿ ಮಾಡುತ್ತದೆ. ಹರ್ಡೀಕರರ ನಂಬಿಕೆಯಾದರೋ ಬೇರೆಯ ಬಗೆಯದು. ಲಾಠಿಯ ಏಟು ಮೈಮೇಲೆ ಬೀಳುವಾಗಲೂ ಕೈ ಎತ್ತದೆ ನಿಲ್ಲಬೇಕಾದವನಿಗೆ ಆಯುಧ ಹಿಡಿದವನಿಗಿಂತ ಹೆಚ್ಚಿನ ಶಿಸ್ತು ಬೇಕು. ಸಿಟ್ಟಿನ ಗುಂಪೊಂದು ಕೆರಳಿ ಕಲ್ಲೆತ್ತಿಕೊಂಡರೆ ಅಹಿಂಸೆಯ ವ್ರತ ಒಂದೇ ಗಳಿಗೆಯಲ್ಲಿ ಮುರಿದುಬೀಳುತ್ತದೆ. ಆದಕಾರಣ ಅಹಿಂಸೆಗೂ ಶಿಸ್ತಿಗೂ ವಿರೋಧವಿಲ್ಲ, ಶಿಸ್ತೇ ಅಹಿಂಸೆಯ ಬೇಲಿ ಎಂಬುದು ಅವರ ನಿಲುವಾಗಿತ್ತು. ಕೊನೆಗೆ ಹಿಂದುಸ್ತಾನೀ ಸೇವಾದಳವು ಅಸ್ತಿತ್ವಕ್ಕೆ ಬಂದಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರಾದರು. ಹೊಣೆಯ ಭಾರವನ್ನು ಹರ್ಡೀಕರರು ಹೊತ್ತರು. ಹುಬ್ಬಳ್ಳಿಯು ಅದರ ಕೇಂದ್ರವಾಯಿತು.

ಮರುವರ್ಷವೇ ದಳಕ್ಕೆ ತನ್ನ ಶಕ್ತಿಯನ್ನು ತೋರುವ ಸಂದರ್ಭ ಒದಗಿತು. 1924ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಮಹಾಧಿವೇಶನವು ಬೆಳಗಾವಿಯಲ್ಲಿ ಸೇರಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಇದೊಂದೇ. ಕರ್ನಾಟಕದ ಸಿಂಹವೆಂದು ಖ್ಯಾತರಾದ ಗಂಗಾಧರರಾವ್ ದೇಶಪಾಂಡೆಯವರು ಇದರ ಸಿದ್ಧತೆಯ ಹೊಣೆ ಹೊತ್ತಿದ್ದರು. ಊರ ಹೊರಗಿನ ಬಯಲಿನಲ್ಲಿ ಗುಡಾರಗಳ ನಗರವೊಂದು ಎದ್ದುನಿಂತಿತು. ಅದಕ್ಕೆ ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರಾಯಿತು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸಮೀಪದಲ್ಲಿರುವ ಪುರಾಣಪ್ರಸಿದ್ಧ ಸರೋವರದ ಹೆಸರು ಹೀಗೆ ಬೆಳಗಾವಿಯ ಬಾವಿಗೆ ಬಂದಿತು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದೇ ಎಂಬ ಭಾವನೆಯನ್ನು ಆ ಹೆಸರುಗಳು ಜನರ ಮನಸ್ಸಿನಲ್ಲಿ ಮೂಡಿಸಿದವು.

ದೇಶದ ನಾನಾ ಭಾಗಗಳಿಂದ ಬಂದ ಸಾವಿರಾರು ಪ್ರತಿನಿಧಿಗಳಿಗೂ ಪ್ರೇಕ್ಷಕರಿಗೂ ನೆಲೆ, ಊಟ, ನೀರು, ಬೆಳಕು ಒದಗಿಸಬೇಕಾಗಿತ್ತು. ರೈಲು ನಿಲ್ದಾಣದಿಂದ ಬರುವವರಿಗೆ ದಾರಿ ತೋರಬೇಕು, ಸಭಾಮಂಟಪದಲ್ಲಿ ನೂಕುನುಗ್ಗಲಾಗದಂತೆ ನೋಡಿಕೊಳ್ಳಬೇಕು, ಕಾಯಿಲೆಯಾದವರನ್ನು ಉಪಚರಿಸಬೇಕು. ಹರ್ಡೀಕರರ ಮಾರ್ಗದರ್ಶನದಲ್ಲಿ ಸ್ವಯಂಸೇವಕರು ಈ ಕಾರ್ಯಗಳನ್ನು ಹಂಚಿಕೊಂಡರು. ಇವೆಲ್ಲಕ್ಕಿಂತ ಕಠಿಣವಾದ ಕೆಲಸವೆಂದರೆ ಶೌಚಾಲಯಗಳ ನೈರ್ಮಲ್ಯ. ಕಾಕಾ ಕಾಲೇಲ್ಕರರ ಮುಂದಾಳುತನದಲ್ಲಿ ತರುಣರ ತಂಡವೊಂದು ಆ ಕೆಲಸಕ್ಕೆ ಮುಂದೆ ಬಂದಿತು. ಅವರಲ್ಲಿ ಬ್ರಾಹ್ಮಣ ತರುಣರೂ ಅನೇಕರಿದ್ದರು. ಶತಮಾನಗಳಿಂದ ಒಂದು ವರ್ಗದ ತಲೆಯ ಮೇಲೆ ಹೊರಿಸಿ, ಆ ಕಾರಣಕ್ಕಾಗಿಯೇ ಅವರನ್ನು ದೂರವಿಟ್ಟಿದ್ದ ಸಮಾಜದ ಎದುರಿಗೆ ಆ ತರುಣರು ಪೊರಕೆ, ಬಕೆಟ್ಟು ಹಿಡಿದು ನಡೆದರು. ವೇದಿಕೆಯ ಮೇಲಿನ ಅಸ್ಪೃಶ್ಯತಾ ನಿವಾರಣೆಯ ಮಾತಿಗೆ ಈ ಪೊರಕೆಗಳೇ ಸಾಕ್ಷಿಯಾದವು. ನೈರ್ಮಲ್ಯದ ವಿಷಯದಲ್ಲಿ ಸುಲಭವಾಗಿ ತೃಪ್ತರಾಗದ ಗಾಂಧೀಜಿಯವರೂ ಬೆಳಗಾವಿಯ ವ್ಯವಸ್ಥೆಯನ್ನು ಮೆಚ್ಚಿಕೊಂಡರು.

ಆ ಅಧಿವೇಶನದಲ್ಲಿ ಮತ್ತೊಂದು ವಿಶೇಷವಿತ್ತು. 150ಕ್ಕೂ ಹೆಚ್ಚು ಮಹಿಳೆಯರು ಸ್ವಯಂಸೇವಕಿಯರಾಗಿ ದುಡಿದರು. ಅವರನ್ನು ಕೂಡಿಸಿದವರು ಉಮಾಬಾಯಿ ಕುಂದಾಪುರ ಅವರು. ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡ ಉಮಾಬಾಯಿಯವರು ಶೋಕದಲ್ಲಿ ಮುಳುಗಿ ಮೂಲೆ ಸೇರಲಿಲ್ಲ. ಮಾವನವರ ಪ್ರೋತ್ಸಾಹದಿಂದ ಹುಬ್ಬಳ್ಳಿಯಲ್ಲಿ ಭಗಿನಿ ಮಂಡಲವನ್ನು ನಡೆಸುತ್ತ, ತಿಲಕ ಕನ್ಯಾಶಾಲೆಯ ಹೊಣೆಯನ್ನೂ ಹೊತ್ತಿದ್ದರು. ಹರ್ಡೀಕರರು ಅವರಿಗೆ ಸೇವಾದಳದ ಮಹಿಳಾ ವಿಭಾಗದ ನಾಯಕತ್ವವನ್ನು ಒಪ್ಪಿಸಿದರು. ಹೊಸ್ತಿಲು ದಾಟಲು ಹಿರಿಯರ ಅಪ್ಪಣೆ ಬೇಡಬೇಕಾಗಿದ್ದ ಕಾಲವದು. ಉಮಾಬಾಯಿಯವರು ಮನೆಮನೆಗೂ ಹೋಗಿ, ಗೃಹಿಣಿಯರನ್ನೂ ವಿಧವೆಯರನ್ನೂ ಒಲಿಸಿ ಕರೆತಂದರು. ಗೋಡೆಗಳ ನಡುವೆ ಬಾಡುತ್ತಿದ್ದ ಎಷ್ಟೋ ಜೀವಗಳಿಗೆ ಸೇವೆಯು ಬಾಳಿನ ಅರ್ಥವನ್ನು ತಂದುಕೊಟ್ಟಿತು.

ಅಧಿವೇಶನ ಮುಗಿದ ಮೇಲೆ ಮನೆಗೆ ಹೋಗಿ ಮಲಗುವುದು ದಳದ ಪದ್ಧತಿಯಾಗಿರಲಿಲ್ಲ. ಬಾಗಲಕೋಟೆಯಲ್ಲಿ ದೈಹಿಕ ಶಿಕ್ಷಣದ ತರಬೇತಿ ಕೇಂದ್ರವು ನಡೆಯಿತು. ದೂರದ ಪ್ರಾಂತಗಳಲ್ಲಿಯೂ ಶಿಬಿರಗಳು ಜರುಗಿದವು. ಕಾರ್ಯಕರ್ತರ ತಿಳಿವಳಿಕೆಗಾಗಿ ಹರ್ಡೀಕರರು ಇಂಗ್ಲಿಷಿನಲ್ಲಿ ‘ದಿ ವಾಲಂಟಿಯರ್’ ಎಂಬ ಮಾಸಪತ್ರಿಕೆಯನ್ನು ಸಂಪಾದಿಸಿದರು. ಖಾದಿ ಉಡುವುದು, ವ್ಯಾಯಾಮ ಮಾಡುವುದು, ಸಾಲುಗಟ್ಟಿ ನಡೆಯುವುದು, ಪ್ರಥಮ ಚಿಕಿತ್ಸೆ ಕಲಿಯುವುದು, ಜನಸಂದಣಿಯನ್ನು ಜೋರು ಮಾಡದೆ ಹತೋಟಿಯಲ್ಲಿಡುವುದು, ಇವು ಸ್ವಯಂಸೇವಕನ ನಿತ್ಯಾಭ್ಯಾಸಗಳಾದವು.

ದಳವು ನೆಲೆಗೊಳಿಸಿದ ಪದ್ಧತಿಗಳಲ್ಲಿ ಮಾಸಿಕ ಧ್ವಜವಂದನೆಯು ಮುಖ್ಯವಾದುದು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಗಿನ ಎಂಟು ಗಂಟೆಗೆ ಊರೂರಿನಲ್ಲಿಯೂ ರಾಷ್ಟ್ರಧ್ವಜವನ್ನು ಏರಿಸಿ ವಂದಿಸಬೇಕೆಂಬ ಕ್ರಮವನ್ನು ಅದು ರೂಢಿಗೆ ತಂದಿತು. ಹೊರನೋಟಕ್ಕೆ ಇದು ಸಣ್ಣ ವಿಧಿ. ಆದರೆ ಅದರ ಫಲ ಸಣ್ಣದಲ್ಲ. ಯಾವುದೋ ಒಂದು ಊರಿನಲ್ಲಿ ಹತ್ತೇ ಜನ ಸೇರಿದ್ದರೂ, ಅದೇ ಹೊತ್ತಿಗೆ ದೇಶದ ಇತರ ಊರುಗಳಲ್ಲಿಯೂ ತಮ್ಮಂತಹ ಜನ ಅದೇ ಧ್ವಜದ ಕೆಳಗೆ ನಿಂತಿರುವರೆಂಬ ಅರಿವು ಅವರಿಗೆ ಧೈರ್ಯ ತುಂಬುತ್ತಿತ್ತು. ವರ್ಷಕ್ಕೊಮ್ಮೆ ಉಕ್ಕುವ ಉತ್ಸಾಹ ಮಳೆಗಾಲದ ಹಳ್ಳದಂತೆ. ಬಂದಷ್ಟೇ ಬೇಗ ಬತ್ತುತ್ತದೆ. ತಿಂಗಳು ತಪ್ಪದ ಕಾರ್ಯ ಬಾವಿಯ ಸೆಲೆಯಂತೆ. ಬೇಸಗೆಯಲ್ಲಿಯೂ ಅದು ನೀರು ಕೊಡುತ್ತದೆ.

1930ರಲ್ಲಿ ಉಪ್ಪಿನ ಸತ್ಯಾಗ್ರಹದೊಂದಿಗೆ ಕಾನೂನುಭಂಗ ಚಳವಳಿ ಆರಂಭವಾದಾಗ ಸೇವಾದಳದವರು ಮುಂಚೂಣಿಯಲ್ಲಿ ನಿಂತರು. 1931ರಲ್ಲಿ ಕಾಂಗ್ರೆಸ್ ಸಂಸ್ಥೆಯು ದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಪಡೆಯನ್ನಾಗಿ ಸ್ವೀಕರಿಸಿತು. ತಮ್ಮ ಕೈಯಾರೆ ಬೆಳೆಸಿದ ಸಂಸ್ಥೆಯು ದೊಡ್ಡ ಸಂಸ್ಥೆಯೊಂದರ ಅಂಗವಾಯಿತು. ಹರ್ಡೀಕರರ ದುಡಿಮೆ ಮಾತ್ರ ಮೊದಲಿನಂತೆಯೇ ಸಾಗಿತು. ಮರುವರ್ಷವೇ ಸರಕಾರದ ದಬ್ಬಾಳಿಕೆ ತೀವ್ರವಾಯಿತು. ಕಾಂಗ್ರೆಸ್ಸಿನ ಜೊತೆಗೆ ಸೇವಾದಳವೂ ಕಾನೂನುಬಾಹಿರವೆನಿಸಿತು. ಹುಬ್ಬಳ್ಳಿಯಲ್ಲಿ ಉಮಾಬಾಯಿಯವರು ಬಂಧನಕ್ಕೊಳಗಾಗಿ ಯರವಡಾ ಸೆರೆಮನೆ ಸೇರಿದರು; ಅವರ ಮನೆತನದ ಮುದ್ರಣಾಲಯವನ್ನು ಸರಕಾರ ವಶಪಡಿಸಿಕೊಂಡಿತು; ಕನ್ಯಾಶಾಲೆಗೆ ಬೀಗಮುದ್ರೆ ಬಿದ್ದಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ತೆಗೆದ ಸರಕಾರವು ಸೇವಾದಳದ ಮೇಲಿನ ನಿಷೇಧವನ್ನು ಹಾಗೆಯೇ ಉಳಿಸಿತು. ಮಾತನಾಡುವವರಿಗಿಂತ ಸದ್ದಿಲ್ಲದೆ ಕೂಡಿ ದುಡಿಯುವವರಿಗೆ ಆಳುವವರು ಹೆಚ್ಚು ಅಂಜುತ್ತಿದ್ದರೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ರಾಜಕೀಯದ ಈ ಏರಿಳಿತಗಳ ನಡುವೆಯೂ ಹರ್ಡೀಕರರು ತಾವು ವೈದ್ಯರೆಂಬುದನ್ನು ಮರೆಯಲಿಲ್ಲ. ಬೆಳಗಾವಿ ಜಿಲ್ಲೆಯ ಘಟಪ್ರಭೆಯಲ್ಲಿ 1929ರಲ್ಲಿ ಡಾ. ಕೊಕಟನೂರ ಅವರು ಕರ್ನಾಟಕ ಆರೋಗ್ಯಧಾಮವನ್ನು ಸ್ಥಾಪಿಸಿದಾಗ ಡಾ. ವೈದ್ಯ ಅವರೊಂದಿಗೆ ಹರ್ಡೀಕರರೂ ಜೊತೆಗೂಡಿದರು. ನಗರದ ದವಾಖಾನೆಗಳಿಂದ ದೂರವಿದ್ದ ಹಳ್ಳಿಗರಿಗೆ ಆ ಸಂಸ್ಥೆ ಆಸರೆಯಾಯಿತು. ಸೇವೆಯೆಂದರೆ ಚಳವಳಿಯ ಕಾಲದ ಸಾಹಸ ಮಾತ್ರವಲ್ಲ, ರೋಗಿಯ ಹಾಸಿಗೆಯ ಬಳಿ ಕಳೆಯುವ ಇರುಳು ಕೂಡ ಎಂಬುದಕ್ಕೆ ಆರೋಗ್ಯಧಾಮವು ನಿದರ್ಶನವಾಯಿತು.

ಅತ್ತ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳು ಬ್ರಿಟಿಷರ ಆಳ್ವಿಕೆಯಲ್ಲಿದ್ದರೆ, ಇತ್ತ ಕೊಪ್ಪಳ, ಕುಷ್ಟಗಿ, ತಾವರಗೇರಾ ಮೊದಲಾದ ಊರುಗಳು ಹೈದರಾಬಾದಿನ ನಿಜಾಮನ ಆಡಳಿತಕ್ಕೆ ಒಳಪಟ್ಟಿದ್ದವು. 1947ರ ಆಗಸ್ಟ್ 15ರಂದು ದೇಶದ ಉಳಿದೆಡೆ ತ್ರಿವರ್ಣ ಧ್ವಜ ಹಾರಿದಾಗಲೂ ಇಲ್ಲಿಯ ಜನಕ್ಕೆ ಆ ಭಾಗ್ಯವಿರಲಿಲ್ಲ. ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿಯೂ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ನೇತೃತ್ವದಲ್ಲಿಯೂ ಈ ಭಾಗದ ತರುಣರು ಶಿಬಿರಗಳನ್ನು ಹೂಡಿ ಹೋರಾಡಿದರು. ಅವರದು ಶಸ್ತ್ರವನ್ನೂ ಎದುರಿಸಬೇಕಾಗಿದ್ದ ಬೇರೆಯೇ ಬಗೆಯ ಹೋರಾಟ. ಆದರೂ ಮನೆಮಾರು ತೊರೆದು, ಹಂಚಿಕೊಂಡು ಉಂಡು, ಒಂದೇ ಗುರಿಗಾಗಿ ಕೂಡಿ ಬಾಳುವ ಶಿಬಿರಜೀವನದ ಬಲವನ್ನು ಅವರೂ ಕಂಡುಕೊಂಡರು. 1948ರ ಸೆಪ್ಟೆಂಬರಿನಲ್ಲಿ ಈ ಸೀಮೆಯು ಬಿಡುಗಡೆ ಹೊಂದಿ ಭಾರತದಲ್ಲಿ ಬೆರೆಯಿತು.

ಸ್ವಾತಂತ್ರ್ಯ ಬಂದ ಮೇಲೆ ಅನೇಕರು ತಮ್ಮ ಕೆಲಸ ಮುಗಿಯಿತೆಂದು ತಿಳಿದರು. ಹರ್ಡೀಕರರು ಹಾಗೆ ಭಾವಿಸಲಿಲ್ಲ. ನಾಡನ್ನು ಪರರ ಕೈಯಿಂದ ಬಿಡಿಸಲು ಎಂತಹ ಶಿಸ್ತು ಬೇಕಾಗಿತ್ತೋ ಅದನ್ನು ಕಟ್ಟಲು ಅದಕ್ಕಿಂತ ಹೆಚ್ಚಿನ ಶಿಸ್ತು ಬೇಕಾಗಿತ್ತು. ರಾಜಕೀಯ ಪಕ್ಷಗಳ ಹಂಗಿಲ್ಲದೆ ಶಾಲೆಯ ಮಕ್ಕಳಲ್ಲಿ ಸೇವಾಭಾವವನ್ನು ಬೆಳೆಸುವ ಭಾರತ ಸೇವಾದಳವು ಅವರ ಪರಂಪರೆಯಿಂದಲೇ ಮೂಡಿಬಂದಿತು. ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಇಂದಿಗೂ ಮಕ್ಕಳು ಧ್ವಜವನ್ನು ಕಟ್ಟುವ, ಏರಿಸುವ, ಇಳಿಸುವ ಸರಿಯಾದ ಕ್ರಮವನ್ನು ಕಲಿಯುವುದು ಈ ದಳದ ಶಿಕ್ಷಕರಿಂದಲೇ.

1952ರಿಂದ 1962ರವರೆಗೆ ಹರ್ಡೀಕರರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1975ರ ಆಗಸ್ಟ್ 26ರಂದು, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ಅವರು ಹುಟ್ಟಿ ನೂರು ವರ್ಷ ತುಂಬಿದ 1989ರಲ್ಲಿ ಅಂಚೆ ಇಲಾಖೆಯು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಘಟಪ್ರಭೆಯಲ್ಲಿ ಅವರ ಹೆಸರಿನ ತರಬೇತಿ ಕೇಂದ್ರವಿದೆ. ಅವರ ಸಹಕಾರ್ಯಕರ್ತೆ ಉಮಾಬಾಯಿಯವರು ಪ್ರಶಸ್ತಿ, ಪಿಂಚಣಿಗಳಾವುದನ್ನೂ ಬಯಸದೆ ಹುಬ್ಬಳ್ಳಿಯ ಪುಟ್ಟ ಮನೆಯೊಂದರಲ್ಲಿ ಸರಳವಾಗಿ ಬಾಳಿ 1992ರಲ್ಲಿ ನಿಧನರಾದರು.

ಹರ್ಡೀಕರರು ದೊಡ್ಡ ಗ್ರಂಥಗಳಿಂದಲೋ ಅಧಿಕಾರದ ಪೀಠಗಳಿಂದಲೋ ಹೆಸರಾದವರಲ್ಲ. ನೆಹರೂ ಅವರ ಹೆಸರನ್ನು ಬಲ್ಲ ಮಕ್ಕಳೆಲ್ಲ ಹರ್ಡೀಕರರ ಹೆಸರನ್ನು ಬಲ್ಲರೆಂದು ಹೇಳಲಾಗದು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ತೇರಿನ ಕಳಸವು ಎಲ್ಲರ ಕಣ್ಣಿಗೂ ಬೀಳುತ್ತದೆ. ತೇರು ದಾರಿ ಬಿಟ್ಟು ಸರಿಯದಂತೆ ಗಾಲಿಗೆ ಸನ್ನೆ ಕೊಡುವವರನ್ನು ಯಾರೂ ಗಮನಿಸುವುದಿಲ್ಲ. ಅವರು ಒಂದು ಗಳಿಗೆ ಎಚ್ಚರ ತಪ್ಪಿದರೆ ಮಾತ್ರ ಅವರಿದ್ದರೆಂಬುದು ತಿಳಿಯುತ್ತದೆ. ಸ್ವಾತಂತ್ರ್ಯವೆಂಬ ಮಹಾರಥವು ಸಾಗಿದ ದಾರಿಯಲ್ಲಿ ಅಂತಹ ಎಚ್ಚರದ ಕೈಗಳನ್ನು ಸಾವಿರ ಸಾವಿರವಾಗಿ ಸಿದ್ಧಗೊಳಿಸಿದವರು ತಿಡಗುಂದಿಯ ಈ ವೈದ್ಯರು.